ಸಿಂಗಾಪುರದಲ್ಲಿ ಐಸ್ ಹಾಕಿ: ಸ್ಕೇಟ್ಸ್ ಮಾರಬೇಡಿ

ನಮಸ್ಕಾರ ಮೇಡಂ,

ಟೊರಾಂಟೊದಿಂದ ಸಿಂಗಾಪುರಕ್ಕೆ ಬರುತ್ತಿದ್ದೇವೆ, ಮಗನ ಐಸ್ ಹಾಕಿ ಇನ್ನು ಮುಗಿದಂತೆಯೇ, ಸ್ಕೇಟ್ಸ್ ಮಾರಿ ಬರೋದಾ ಎಂದು ಕೇಳಿದ್ದೀರಿ. ಮಾರಬೇಡಿ. ಆದರೆ ಮುಂದಿನ ಸೈಜಿನದೂ ಒಂದು ಜೊತೆ ತನ್ನಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ, ಇಲ್ಲಿ ಆಯ್ಕೆ ಕಡಿಮೆ.

ಕಷ್ಟದ ಮಾತು ಮೊದಲೇ ಹೇಳಿಬಿಡುತ್ತೇನೆ. ಜುರಾಂಗ್ ಈಸ್ಟ್‌ನ ಜೆಕ್ಯೂಬ್ ಮಾಲ್‌ನಲ್ಲಿ 2012ರಿಂದ ಒಲಿಂಪಿಕ್ ಅಳತೆಯ ರಿಂಕ್, ಅಂದರೆ ಸ್ಕೇಟಿಂಗ್ ಮಾಡುವ ಐಸ್ ಅಂಗಳ, ಇತ್ತು. 2023ರಲ್ಲಿ ಮಾಲ್ ಮುಚ್ಚಿತು, ರಿಂಕೂ ಹೋಯಿತು. 60 ಮೀಟರ್ ಉದ್ದದ ಐಸ್ ಮೇಲೆ ಆಡಿದವರಿಗೆ ಅದು ದೊಡ್ಡ ಪೆಟ್ಟು. ಆದರೆ ಇಲ್ಲಿಯ ನಮ್ಮ ಹಾಕಿ ಬಳಗ ನಿಜವಾಗಿ ಗಟ್ಟಿಯಾಗಿದ್ದೇ ಅದರ ನಂತರ. ಕೆಲವರು ಬ್ಲೇಡಿನ ಬದಲು ಚಕ್ರಗಳಿರುವ ಇನ್‌ಲೈನ್ ಸ್ಕೇಟ್ಸ್ ಹಾಕಿಕೊಂಡು ಕಾಂಕ್ರೀಟ್ ಅಂಗಳಕ್ಕೆ ಇಳಿದರು. ಇನ್ನು ಕೆಲವರು ಮಲೇಷ್ಯಾಕ್ಕೆ ಹೋಗುವ ಕಾಸ್‌ವೇ ಎಂಬ ಸಮುದ್ರದ ಮೇಲಿನ ರಸ್ತೆ ದಾಟಿ ಅಲ್ಲಿಯ ಜೋಹೋರ್ ಬಾರುವಿನ ಪ್ಯಾರಡೈಮ್ ಮಾಲ್‌ನ ರಿಂಕ್‌ಗೆ ಹೋಗತೊಡಗಿದರು. ಶನಿವಾರ, ಭಾನುವಾರ ಗಡಿಯ ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟ್‌ನಲ್ಲಿ ವಿಪರೀತ ರಶ್ಶು. ಬೆಳಕು ಹರಿಯುವ ಮುಂಚೆ ಹೊರಡಬೇಕು, ಒಂದೇ ಗಾಡಿಯಲ್ಲಿ ಮೂರು ಮನೆಯ ಮಕ್ಕಳು, ಕಾಲಿಡಲು ಜಾಗವಿಲ್ಲದಷ್ಟು ಬ್ಯಾಗು. ಸಾಲಿನಲ್ಲಿ ಕಾಯುವಾಗ ಆಗುವ ಮಾತುಕತೆಯಿಂದಲೇ ಸ್ನೇಹ ಬೆಳೆಯೋದು.

ಆಟದ ಮಟ್ಟ ಹೇಗೋ ಎಂಬ ಚಿಂತೆ ನಿಮಗಿರಬಹುದು. ಟೊರಾಂಟೊಗೆ ಹೋಲಿಸಬೇಡಿ. ಆದರೆ 2017ರಲ್ಲಿ ಕೌಲಾಲಂಪುರದ ಸೀ ಗೇಮ್ಸ್‌ನಲ್ಲಿ (ಆಗ್ನೇಯ ಏಷ್ಯಾ ಕ್ರೀಡಾಕೂಟ) ಮೊದಲ ಸಲ ಐಸ್ ಹಾಕಿ ಸೇರಿಸಿದಾಗ ಚಿನ್ನ ಗೆದ್ದಿದ್ದು ಫಿಲಿಪೈನ್ಸ್. ಚಳಿಗಾಲವೇ ಇಲ್ಲದ ದೇಶ ಅದು. ನಿಮ್ಮ ಮಗನಿಗೆ ಇದನ್ನು ಖಂಡಿತ ಹೇಳಿ.

ಇಲ್ಲಿಯ ದೊಡ್ಡ ಶತ್ರು ಸೆಕೆಯಲ್ಲ, ಗಾಳಿಯಲ್ಲಿರುವ ತೇವ. ಆಟ ಮುಗಿಸಿ ಬ್ಯಾಗ್ ಮುಚ್ಚಿಟ್ಟರೆ ಮಾರನೇ ದಿನಕ್ಕೆ ಗ್ಲೌಸ್ ಮುಗ್ಗಲು ವಾಸನೆ, ಸ್ಕೇಟ್ಸ್‌ನ ಬ್ಲೇಡಿಗೆ ತುಕ್ಕು. ಮನೆಗೆ ಬಂದ ಕೂಡಲೇ ಬ್ಲೇಡನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೊಳೆಗಳ ಸಂದಿಯನ್ನೂ ಬಿಡಬೇಡಿ. ಗ್ಲೌಸಿನ ಬಾಯಿ ಅಗಲಿಸಿ ಟೇಬಲ್ ಫ್ಯಾನ್ ಮುಂದೆ ರಾತ್ರಿಯಿಡೀ ಇಡಿ. ನಮ್ಮ ಮನೆಯಲ್ಲಿ ಒಂದು ಫ್ಯಾನ್ ಇದಕ್ಕೇ ಮೀಸಲು.

ಬಂದ ತಕ್ಷಣ ಹೊಸ ತಂಡ ಕಟ್ಟುವ ಯೋಚನೆ ಬೇಡ. ಇರೋದು ಸ್ವಲ್ಪ ಜನ, ಅವರನ್ನೇ ಒಡೆದ ಹಾಗಾಗುತ್ತದೆ. ಕನ್ನಡದವರೇ ಇರಲಿ ಅಂತಲೂ ಹುಡುಕಬೇಡಿ. ನಮ್ಮಲ್ಲಿ ಕೆನಡಾದವರು, ಫಿನ್ಲೆಂಡಿನವರು, ಇಲ್ಲಿಯ ಹುಡುಗರು ಎಲ್ಲ ಇದ್ದಾರೆ. ಇರುವ ಗುಂಪಿಗೆ ಸೇರಿ, ಒಂದು ಕೆಲಸ ಹಿಡಿದುಕೊಳ್ಳಿ. ಚಿಕ್ಕ ಮಕ್ಕಳ ಲೇಸ್ ಬಿಗಿಯಾಗಿ ಕಟ್ಟಲು ಯಾವತ್ತೂ ಕೈ ಸಾಲೋದಿಲ್ಲ. ಚಿಕ್ಕದಾದ ಪ್ಯಾಡು, ಹೆಲ್ಮೆಟ್ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಲೇ ಇರುತ್ತವೆ. ಅದರ ಲೆಕ್ಕ ಇಡುವವರೂ ಬೇಕು. ಇಂಥ ಕೆಲಸ ಮಾಡಿದವರನ್ನು ಯಾರೂ ಹೊಸಬರು ಅನ್ನೋದಿಲ್ಲ.

ಮಗ ಯಾವ ಸ್ಥಾನದಲ್ಲಿ ಆಡುತ್ತಾನೆ ಅಂತ ಬರೆಯಿರಿ. ಗೋಲ್‌ಕೀಪರ್ ಆದರೆ ಇವತ್ತೇ ತಿಳಿಸಿ, ಮಕ್ಕಳ ಗುಂಪಿನಲ್ಲಿ ಆ ಜಾಗ ಖಾಲಿಯಿದೆ.