ವಯಸ್ಸಾಯ್ತು ಅಂತ ಮರೆತುಹೋಗುತ್ತಿದೆಯಾ?

ಪ್ರಶ್ನೆ: ನನಗೆ 38 ವರ್ಷ. ಹಗಲು ಕೆಲಸ, ಸಂಜೆ ಮನೆ, ಇಬ್ಬರು ಮಕ್ಕಳು. ಅರ್ಧಕ್ಕೆ ಬಿಟ್ಟಿದ್ದ ಡಿಗ್ರಿಗೆ ಈ ವರ್ಷ ಮತ್ತೆ ಸೇರಿದ್ದೇನೆ. ವಾರವೆಲ್ಲ ಪುಸ್ತಕ ಮುಟ್ಟಲು ಆಗುವುದಿಲ್ಲ, ಭಾನುವಾರ ಒಂದೇ ಸಲ ಐದು ಗಂಟೆ ಕೂತು, ಮುಖ್ಯ ಸಾಲಿಗೆಲ್ಲ ಬಣ್ಣದ ಗೆರೆ ಎಳೆದು ಓದುತ್ತೇನೆ. ಮುಂದಿನ ಭಾನುವಾರಕ್ಕೆ ಏನೂ ನೆನಪಿರುವುದಿಲ್ಲ. ವಯಸ್ಸಿನದ್ದೇ ತೊಂದರೆನಾ?

ಉತ್ತರ: ಪಾಪ, ವಯಸ್ಸಿನ ಮೇಲೆ ಹಾಕಬೇಡಿ. ಇಪ್ಪತ್ತರ ಹುಡುಗರು ಹೀಗೆ ಓದಿದರೂ ಮರೆಯುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮಾನ್ ಎಬಿಂಗ್‌ಹೌಸ್ ಅರ್ಥವೇ ಇಲ್ಲದ ಪದಗಳನ್ನು ಬಾಯಿಪಾಠ ಮಾಡಿ, ತಾನು ಎಷ್ಟು ಬೇಗ ಮರೆಯುತ್ತೇನೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದರು. ಆಗ ಅವರಿಗೆ 35, ನಿಮಗಿಂತ ಚಿಕ್ಕವರೇ! ಅವರು ಕಂಡಿದ್ದು ಇಷ್ಟು: ಮರೆವು ಮೊದಲ ದಿನವೇ ಜಾಸ್ತಿ, ಆಮೇಲೆ ನಿಧಾನ. ನೀವು ಏಳು ದಿನ ಬಿಟ್ಟು ನೋಡುತ್ತೀರಿ, ಅಷ್ಟರಲ್ಲಿ ಖಾಲಿ.

ಇನ್ನು ಆ ಬಣ್ಣದ ಗೆರೆ. ಅದು ಓದಿದ ಸಮಾಧಾನ ಕೊಡುತ್ತದೆ, ಅಷ್ಟೇ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು, ಉಳಿದವರಿಗೆ ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದರೆ ತಿರುಗುಮುರುಗು, ನೆನಪಿಸಿಕೊಂಡು ಬರೆದವರದ್ದೇ ಮೇಲುಗೈ. ನಿಮಗೆ ಬೇಕಿರುವುದು ವಾರದ ನಂತರದ್ದು ಅಲ್ವಾ?

ಹಾಗಾಗಿ ಭಾನುವಾರ ಎರಡು, ಎರಡೂವರೆ ಗಂಟೆ ಸಾಕು, ಅದೂ ತಲೆ ಚುರುಕಾಗಿರುವ ಹೊತ್ತಿನಲ್ಲಿ, ಹೊಸ ಪಾಠಕ್ಕೆ ಮಾತ್ರ. ಗೆರೆ ಎಳೆಯುವ ಬದಲು ಪುಟದ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ, ಅದರ ಫೋಟೋ ಫೋನ್‌ನಲ್ಲಿರಲಿ. ಸೋಮವಾರ ಪಾತ್ರೆ ತೊಳೆಯುತ್ತಲೋ ಬಸ್ಸಿಗೆ ಕಾಯುತ್ತಲೋ ಉತ್ತರ ಹೇಳಿಕೊಳ್ಳಿ. ಎಲ್ಲಿ ತಡವರಿಸಿದಿರೋ ಅಲ್ಲಷ್ಟೇ ಪುಸ್ತಕ ತೆಗೆದು ನೋಡಿ. ಬುಧವಾರ ಇನ್ನೊಮ್ಮೆ, ಶನಿವಾರ ಇನ್ನೊಮ್ಮೆ, ಹತ್ತು ಹದಿನೈದು ನಿಮಿಷದ ಕೆಲಸ. ಮೊದಮೊದಲು ಅರ್ಧಕ್ಕರ್ಧ ತಪ್ಪುತ್ತದೆ, ಬೇಜಾರಾಗುತ್ತದೆ, ಆದರೆ ಆ ಒದ್ದಾಟದಲ್ಲೇ ಪಾಠ ತಲೆಯಲ್ಲಿ ಕೂರುವುದು. ನಿದ್ದೆ ಕತ್ತರಿಸಿ ಮಾತ್ರ ಓದಬೇಡಿ, ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ.

ಪ್ರಶ್ನೆ: ನಾನು ಓದಲು ಕೂತಾಗಲೇ ಮನೆಯವರಿಗೆಲ್ಲ ನನ್ನ ನೆನಪಾಗುತ್ತದೆ. ಏನು ಮಾಡಲಿ?

ಉತ್ತರ: "ಸ್ವಲ್ಪ ಹೊತ್ತು ಕರೀಬೇಡಿ" ಅಂದಿರುತ್ತೀರಿ. ಮಕ್ಕಳ ಲೆಕ್ಕದಲ್ಲಿ ಸ್ವಲ್ಪ ಹೊತ್ತು ಅಂದರೆ ಎರಡು ನಿಮಿಷ. "ಎಂಟೂವರೆಗೆ ಬರ್ತೀನಿ" ಅಂತ ಗಡಿಯಾರ ತೋರಿಸಿ ಹೇಳಿ. ಎಂಟೂವರೆಗೆ, ಪಾಠ ಮುಗಿಯದಿದ್ದರೂ, ಎದ್ದು ಬನ್ನಿ. ನಾಲ್ಕು ದಿನ ಮಾತು ಉಳಿಸಿಕೊಂಡರೆ ಐದನೇ ದಿನ ಕರೆಯುವುದು ಕಡಿಮೆಯಾಗುತ್ತದೆ. ಫೋನ್ ಮಾತ್ರ ಅವರ ಹತ್ತಿರವೇ ಬಿಟ್ಟು ಹೋಗಿ, ಮಕ್ಕಳಿಗಿಂತ ಜಾಸ್ತಿ ಕರೆಯುವುದು ಅದೇ.