ಸಭೆಗೆ ಮುಂಚೆಯೇ ತೀರ್ಮಾನ ಆಗಿರುತ್ತದೆ, ಯಾಕೆ?

ಪ್ರಶ್ನೆ: ನಾನು ಮೊದಲ ಸಲ ಸ್ಥಳೀಯ ಸಂಸ್ಥೆಗೆ ಆಯ್ಕೆಯಾದ ಸದಸ್ಯೆ. ನಮ್ಮಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಮಹಿಳೆಯರೇ. ಆದರೆ ಸಭೆಗೆ ಹೋದರೆ ಎಲ್ಲ ಮೊದಲೇ ಮುಗಿದ ಹಾಗಿರುತ್ತದೆ. ಸಹಿ ಹಾಕಿ ಬರುತ್ತೇವೆ, ಅಷ್ಟೆ. ಹೀಗ್ಯಾಕೆ? ಏನು ಮಾಡಬಹುದು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಯಾವ ರಸ್ತೆಗೆ ಹಣ, ಯಾರಿಗೆ ಗುತ್ತಿಗೆ ಎಂಬ ಮಾತು ಎಷ್ಟೋ ಸಲ ಹಿಂದಿನ ರಾತ್ರಿ ಫೋನಿನಲ್ಲೋ ಯಾರದೋ ಕಾರಿನಲ್ಲೋ ಮುಗಿದಿರುತ್ತದೆ. ಹಳೆಯ ಸದಸ್ಯರು, ಪಕ್ಷದ ಮುಖಂಡರು, ಗುತ್ತಿಗೆದಾರರು ವರ್ಷಗಟ್ಟಲೆ ಒಬ್ಬರಿಗೊಬ್ಬರು ಆಗಿಬಂದವರು. ಮಹಿಳೆಯರನ್ನು ಬೇಕಂತಲೇ ದೂರ ಇಡಬೇಕೆಂದೂ ಇಲ್ಲ. ಮನೆ, ಮಕ್ಕಳನ್ನು ಬಿಟ್ಟು ರಾತ್ರಿ ಹತ್ತಕ್ಕೆ ಅಲ್ಲಿ ಹೋಗಿ ಕೂರಲು ಎಷ್ಟು ಜನಕ್ಕೆ ಆಗುತ್ತದೆ? ಹೋದರೂ ನಾಲ್ಕು ಮಾತು ಕೇಳಬೇಕು, ಅಲ್ವಾ?

ಫ್ರಾನ್ಸ್ ನೋಡಿ. 2000ದಲ್ಲೇ ಅಲ್ಲಿ ಸಮಾನ ಪ್ರಾತಿನಿಧ್ಯದ ಕಾನೂನು ಬಂತು. 2020ರ ಚುನಾವಣೆಯ ನಂತರ ಪುರಸಭೆ ಸದಸ್ಯರಲ್ಲಿ ಮಹಿಳೆಯರು ಶೇ 40 ದಾಟಿದ್ದರು. ಮೇಯರ್‌ಗಳಲ್ಲಿ ಮಾತ್ರ ಸುಮಾರು ಶೇ 20. ಕಾನೂನು ಇದ್ದದ್ದು ಅಭ್ಯರ್ಥಿಗಳ ಪಟ್ಟಿಗೆ. ಮೇಯರನ್ನು ಆರಿಸುವವರು ಗೆದ್ದ ಸದಸ್ಯರು, ಅಲ್ಲಿ ಅಂಥ ಕಟ್ಟುಪಾಡಿಲ್ಲ. ಹಳೆಯ ಪರಿಚಯಗಳು ಕೆಲಸ ಮಾಡುವುದು ಇಂಥ ಕಡೆಯೇ.

ಹಾಗಂತ ಮೀಸಲಾತಿ ಸುಮ್ನೆ ತೋರಿಕೆಗೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮುಂಬೈ ವಾರ್ಡ್‌ಗಳ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಮ್ಮೆ ಮಹಿಳೆಗೆ ಮೀಸಲಾಗಿ ಆಮೇಲೆ ಎಲ್ಲರಿಗೂ ತೆರೆದ ವಾರ್ಡ್‌ಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ, ಮೀಸಲೇ ಇರದಿದ್ದ ವಾರ್ಡ್‌ಗಳಿಗಿಂತ ಸುಮಾರು 5 ಪಟ್ಟು ಜಾಸ್ತಿ ಇತ್ತು.

ನೀವು ಮೊದಲು ಸಮಿತಿ ಹಂಚಿಕೆ ಮೇಲೆ ಕಣ್ಣಿಡಿ. ಮಹಿಳಾ ಮಕ್ಕಳ ಕಲ್ಯಾಣ ಸಮಿತಿ ಕೇಳದೇ ಸಿಗುತ್ತದೆ. ಹಣಕಾಸು, ಕಾಮಗಾರಿ ಸಮಿತಿ ಕೇಳಿ ನೋಡಿ. ‘ಮೇಡಂ, ನಿಮಗ್ಯಾಕೆ ಈ ತಲೆನೋವು’ ಅನ್ನುತ್ತಾರೆ. ಪಟ್ಟು ಬಿಡಬೇಡಿ, ಹಣ ಹೋಗುವ ದಾರಿ ಅಲ್ಲೇ ಕಾಣುವುದು. ಅಜೆಂಡಾ ಜೊತೆಗೆ ಟೆಂಡರ್ ಕಾಗದಗಳೂ ಸಭೆಗೆ ಮುಂಚೆ ಕೈ ಸೇರಬೇಕೆಂದು ಬರೆದು ಕೊಡಿ. ಒಪ್ಪಿಗೆ ಇಲ್ಲದಿದ್ದರೆ ಅದು ನಡಾವಳಿಯಲ್ಲಿ ದಾಖಲಾಗಲಿ, ಆಮೇಲೆ ಓದಿಯೇ ಸಹಿ ಹಾಕಿ. ನಾಲ್ಕೈದು ಸದಸ್ಯೆಯರು ಹಿಂದಿನ ದಿನವೇ ಕೂತು ಮಾತಾಡಿಕೊಳ್ಳಿ, ಹಗಲು ಹೊತ್ತಿನಲ್ಲಿ. ಬೇರೆ ಪಕ್ಷದವರನ್ನೂ ಕರೆಯಿರಿ.