ಬಿದ್ದ ಪ್ಯಾನೆಲ್, ಬಾರದ ನಿದ್ದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ನಮ್ಮಲ್ಲಿಗೆ ಆಪ್ತಸಮಾಲೋಚನೆಗೆ ಬಂದವರು ಶಿರಸಿ ಕಡೆಯವರು, ವಯಸ್ಸು 36. ಅಣ್ಣನ ಜೊತೆ ಶಾಮಿಯಾನಾ ವ್ಯವಹಾರ. ಕುಮಟಾ ಸಮೀಪದ ಹಳೆಯ ಚಿರೇಕಲ್ಲಿನ ಕಟ್ಟಡವೊಂದರ ಅಂಗಳದಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹೋರ್ಡಿಂಗ್ ನಿಲ್ಲಿಸುವ ಹೊಣೆ ಇವರದು. ಪ್ರತಿ ಸಲ ಕಳಚಿ, ಗೋದಾಮಿನಲ್ಲಿಟ್ಟು, ಮತ್ತೆ ಜೋಡಿಸುವ ಪ್ಯಾನೆಲ್‌ಗಳು. ಒಂದು ಸಂಜೆ ಕಡಲ ಗಾಳಿಗೆ ಒಂದು ಮಗುಚಿಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಆಮೇಲೆ ಮೂರು ತಿಂಗಳು ಸರಿಯಾದ ನಿದ್ದೆಯಿಲ್ಲ. ಕಾರ್ಯಕ್ರಮದ ಹಿಂದಿನ ರಾತ್ರಿ ಎರಡು ಗಂಟೆಗೆ ಎದ್ದು ಬೈಕಿನಲ್ಲಿ ಹೋಗಿ ನಟ್ಟು ಮುಟ್ಟಿ ನೋಡುವುದು, ಮನೆಗೆ ಬಂದ ಮೇಲೆ ಮತ್ತೆ ಸಂಶಯ, ಎದೆ ಬಿಗಿತ. 'ಎಂತದೂ ಆಗ್ತಿಲ್ಲೆ ತಮಾ' ಎಂದು ಅಣ್ಣ ಹೇಳಿದಷ್ಟೂ ಹೆದರಿಕೆ ಹೆಚ್ಚುತ್ತಿತ್ತು.

ಅಣ್ಣನ ಮಾತು ಏಕೆ ತಾಗಲಿಲ್ಲವೆಂದರೆ, ಈ ಭಯದಲ್ಲಿ ಒಂದು ಪಾಲು ನಿಜವಿತ್ತು. ಬಿದ್ದ ಕಾರಣವನ್ನು ಯಾರೂ ಹುಡುಕಿರಲಿಲ್ಲ. ಹಾಗಾಗಿ ಮೊದಲ ಸಲಹೆ: ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ಲೆಕ್ಕ ಮಾಡಿಸಿಕೊಂಡು ಬನ್ನಿ.

ಲೆಕ್ಕ ಹೀಗಿತ್ತು. ಪ್ಯಾನೆಲ್ 2.4 ಮೀಟರ್ ಅಗಲ, 2 ಮೀಟರ್ ಎತ್ತರ, ತೂಕ 40 ಕೆ.ಜಿ. ಹಿಂದಕ್ಕೆ ಚಾಚಿದ ಕಾಲು 1.2 ಮೀಟರ್. ಗಂಟೆಗೆ 54 ಕಿ.ಮೀ. ಗಾಳಿ ಬೀಸಿದರೆ ಒಂದು ಪ್ಯಾನೆಲ್ ಮೇಲೆ ಸುಮಾರು 80 ಕೆ.ಜಿ. ತೂಕದಷ್ಟು ತಳ್ಳು. ಇವರು ನಾಲ್ಕೂ ಮರಳು ಚೀಲಗಳನ್ನು ಹಿಂಗಾಲಿನ ತುದಿಗೇ ಹೇರುತ್ತಿದ್ದರು. ಗಾಳಿ ಹಿಂದಿನಿಂದ ಬಂದರೆ ಅದು ಸರಿ. ಎದುರಿನಿಂದ ಬಂದರೆ ಪ್ಯಾನೆಲ್ ಅದೇ ತುದಿಯ ಮೇಲೆ ತಿರುಗುತ್ತದೆ, ಅಲ್ಲಿಟ್ಟ ಚೀಲ ಎಷ್ಟಿದ್ದರೂ ಹಿಡಿಯುವುದಿಲ್ಲ, ಮುಂದಿನ ಪಾದ ಎದ್ದೇ ಏಳುತ್ತದೆ. ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿ ಹಿಂದೆ 100 ಕೆ.ಜಿ., ಮುಂದಿನ ಪಾದಕ್ಕೆ 60 ಕೆ.ಜಿ. ಬೇಕಿತ್ತು. 25 ಕೆ.ಜಿ. ಚೀಲದಲ್ಲಿ ನಾಲ್ಕು ಮತ್ತು ಮೂರು.

ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಮೂರು ತಿಂಗಳಲ್ಲಿ ನೂರು ಸಲ ಮುಟ್ಟಿದ್ದ ನಟ್ಟಿನಲ್ಲಿ ತಪ್ಪೇ ಇರಲಿಲ್ಲ.

ಕಟ್ಟಡದ ಮಟ್ಟಿಗೂ ಒಂದಿಷ್ಟು ತಿದ್ದುಪಡಿಯಾಯಿತು. ಚೀಲಕ್ಕೆ ಸಮುದ್ರದ ಮರಳು ಬೇಡ. ಒದ್ದೆಯಾದಾಗ ಉಪ್ಪುನೀರು ಚಿರೇಕಲ್ಲಿನ ರಂಧ್ರಕ್ಕಿಳಿದು, ಒಣಗಿ ಹರಳುಗಟ್ಟಿ ಕಲ್ಲಿನ ಮೈ ಉದುರಿಸುತ್ತದೆ. ಸಣ್ಣ ಜಲ್ಲಿ ಸಾಕು. ಪಾದದಡಿ ರಬ್ಬರ್ ಮ್ಯಾಟ್, ಅದು ಜಾರುವುದನ್ನೂ ತಡೆಯುತ್ತದೆ. ಗೋಡೆಯಿಂದ ಒಂದಡಿ ಅಂತರ. ಮೊಳೆ ಹೊಡೆಯುವುದಾಗಲಿ, ಹಳೆಯ ಕಂಬಕ್ಕೆ ಹಗ್ಗ ಬಿಗಿಯುವುದಾಗಲಿ ಕೂಡದು.

ಇನ್ನುಳಿದದ್ದು ಭಯದ ಎರಡನೆಯ ಪಾಲು, ಲೆಕ್ಕಕ್ಕೆ ಸಿಗದ್ದು. ತಪಾಸಣೆ ಮೂರೇ ಹೊತ್ತು ಎಂದು ಗೊತ್ತುಮಾಡಿದೆವು: ನಿಲ್ಲಿಸಿದ ಕೂಡಲೇ, ಜನ ಬರುವ ಒಂದು ಗಂಟೆ ಮೊದಲು, ವಿರಾಮದಲ್ಲಿ. ಒಬ್ಬರು ಚೀಲ ಎಣಿಸಿ ಕೂಗಬೇಕು, ಇನ್ನೊಬ್ಬರು ಚೀಟಿಯಲ್ಲಿ ಬರೆದು ಸಹಿ ಹಾಕಬೇಕು. ಗಾಳಿಮಾಪಕ 40 ಕಿ.ಮೀ. ತೋರಿಸಿದರೆ ಜನರನ್ನು ದೂರ ಸರಿಸಿ ಫ್ಲೆಕ್ಸ್ ಬಿಚ್ಚುವುದು. ಆಗ ಯಾರನ್ನೂ ಕೇಳಬೇಕಿಲ್ಲ. ಇದರಾಚೆ ನೋಡಬೇಕೆನಿಸಿದರೆ 20 ನಿಮಿಷ ಏನೂ ಮಾಡದೆ ಕಾಯುವುದು. ಮೊದಮೊದಲು ಚಡಪಡಿಕೆ ಏರುತ್ತದೆ, ಹೋಗಿ ನೋಡದಿದ್ದರೂ ನಿಧಾನಕ್ಕೆ ಇಳಿಯುತ್ತದೆ. ಅದು ಇಳಿಯುವುದನ್ನು ಅವರೇ ಕಾಣಬೇಕು. ಧೈರ್ಯ ಹೇಳುವ ಬದಲು ಆ ಚೀಟಿಗೆ ಸಹಿ ಹಾಕುವ ಕೆಲಸ ಅಣ್ಣನಿಗೆ ಕೊಟ್ಟೆವು.

ಆರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕೆಂದೂ ತಿಳಿಸಿದೆವು. ನಾಲ್ಕನೆಯ ಭೇಟಿಗೆ ಅವರು ತಂದ ಚೀಟಿಯಲ್ಲಿ ಮೂರು ಹೊತ್ತಿನ ಸಹಿಗಳಿದ್ದವು. ಹಿಂದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿತ್ತಂತೆ. ಬೈಕಿನ ಕೀಲಿ ಮುಟ್ಟಲಿಲ್ಲ ಎಂದರು.